ಆಟದೊಳಗಣ ಹುಂಕಾರ

ನಮ್ಮ ಲಕ್ಕಲಕಟ್ಟಿಯಲ್ಲಿ ಕಟ್ಟಿಗೆ ಒಡೆಯುವವನು ಕೊಡಲಿಯ ಪೆಟ್ಟಿಗೊಮ್ಮೆ ಹುಂಕರಿಸುವನು. ಅದನ್ನು ಯಾರೂ ತಪ್ಪೆನ್ನರು. ಕಬಡ್ಡಿಯಲ್ಲಂತೂ ದಾಳಿಗೆ ಹೋದವನ ದನಿ ಕಡಿದರೆ ಅವನ ದಾಳಿಯೇ ಮುಗಿಯಿತು. ಆದರೆ ಟೆನ್ನಿಸ್ ಆಟದಲ್ಲಿ ಇಂಥ ದನಿಯೇ ವ್ಯಾಜ್ಯಕ್ಕೆ ಕಾರಣವಾಗಿರುವುದು.

1992ರ ವಿಂಬಲ್ಡನ್ ಪಂದ್ಯಗಳಲ್ಲಿ ಮೋನಿಕಾ ಸೆಲೆಸ್ ಎಂಬಾಕೆಯ ಹುಂಕಾರದ ಮೇಲೆ ನತಾಲಿ ತೋಜಿಯಾ, ಮಾರ್ಟಿನಾ ನವ್ರಾಟಿಲೋವಾ ಇಬ್ಬರೂ ದೂರಿತ್ತರು. ಅಂತಿಮ ಪಂದ್ಯದಲ್ಲಿ ಸೆಲೆಸಳು ದನಿಯನ್ನಡಗಿಸಿ ಆಡಿದಳು. ಸ್ಟೆಫಿ ಗ್ರಾಫಳಿಗೆ 6-2, 6-1ರಿಂದ ಸೋತಳು. ಮೌನದಿಂದಲೇ ಸೋತಳೆಂದು ನಾನು ಹೇಳಲಾರೆನು. ಆದರೂ 18 ವರ್ಷದ ಆ ಹುಡುಗಿಯನ್ನು ನೆನೆದರೆ ಮರುಕವುಂಟಾಗುವುದು.

ಹುಂಕರಿಸಿ ಹೊಡೆದ ಚೆಂಡಿಗೆ ವೇಗ ಹೆಚ್ಚೆಂದು ಶಾಸ್ತ್ರಜ್ಞರು ಅಳೆದು ಕಂಡಿರುವರು. ಆದರೆ ಹೊಡೆತದ ಸದ್ದನ್ನು ಬೇರೊಂದು ಸದ್ದು ಮುಚ್ಚಿದಾಗ ನೋಡುವವನು ಚೆಂಡಿನ ದಿಕ್ಕನ್ನು ತಡವಾಗಿಯೂ ತಪ್ಪಾಗಿಯೂ ಊಹಿಸುವನೆಂದು 2010ರ ಪ್ರಯೋಗವೊಂದು ತೋರಿಸಿತು. ಎದುರಾಳಿಗಳ ದೂರು ಬರಿಯ ಹೊಟ್ಟೆಕಿಚ್ಚಲ್ಲವಷ್ಟೆ!

ಬೇಕೆಂದೇ ಅಡ್ಡಿಪಡಿಸಿದವರು ಅಂಕವನ್ನು ಕಳೆದುಕೊಳ್ಳುವರೆಂಬುದು ಆಟದ ನಿಯಮ. ಬೇಕೆಂದು ಕೂಗಿದಳೋ, ಶ್ರಮದಿಂದ ಕೂಗಿದಳೋ ಎಂಬುದನ್ನು ತೀರ್ಪುಗಾರನು ಹೇಗೆ ತಿಳಿಯಬೇಕು? ತರಗತಿಯಲ್ಲಿ ಕೆಮ್ಮುವ ಹುಡುಗರ ವಿಷಯದಲ್ಲಿ ನಾನೇ ಎಷ್ಟೋ ಸಲ ಮೋಸಹೋಗಿರುವೆನು.