ಹೃದಯಕ್ಕೂ ಹಿತ, ನಾಲಿಗೆಗೂ ಹಿತ: ಬಂಗುಡೆ ಪುಳಿಮುಂಚಿ

ಮಂಡೆಕೋಲಿನಿಂದ ಕಡಲು ಕಾಣುವುದಿಲ್ಲ. ಸುಳ್ಯ ತಾಲ್ಲೂಕಿನ ಈ ಗಡಿಗ್ರಾಮದಲ್ಲಿ ಕಣ್ಣಿಗೆ ಬೀಳುವುದು ಅಡಿಕೆ ತೋಟ, ರಬ್ಬರ್ ಮತ್ತು ಕಾಡು. ತುಸು ಮುಂದೆ ಹೋದರೆ ಕೇರಳದ ಕಾಸರಗೋಡು ಜಿಲ್ಲೆ. ಆದರೂ ಮೀನಿನ ಗಾಡಿಯ ಹಾರ್ನ್ ಕೇಳಿದೊಡನೆ ಪಾತ್ರೆ ಹಿಡಿದು ರಸ್ತೆಬದಿಗೆ ಬರುವವರಿಗೆ ಇಂಥ ಊರುಗಳಲ್ಲಿ ಕೊರತೆಯಿಲ್ಲ. ತುಳುವರ ಬಂಗುಡೆ ಮಲಯಾಳಿಗಳಿಗೆ ಅಯಿಲ. ತುಳುವರ ಬೂತಾಯಿ ಅವರಿಗೆ ಮತ್ತಿ. ಹೆಸರು ಬೇರೆಯಾದರೂ ಗಡಿಯ ಎರಡೂ ಬದಿಯ ಅಡುಗೆಮನೆಗಳಲ್ಲಿ ಬೇಯುವುದು ಒಂದೇ ಮೀನು.

ಮನೆಯಲ್ಲಿ ಒಬ್ಬರಿಗೆ ಹೃದಯಾಘಾತವಾಯಿತೆಂದರೆ ಚಿತ್ರ ಬದಲಾಗುತ್ತದೆ. ಆಸ್ಪತ್ರೆಯಿಂದ ಮರಳಿದವರ ತಟ್ಟೆಯಿಂದ ಅನೇಕ ಮನೆಗಳಲ್ಲಿ ಮೊದಲು ಮಾಯವಾಗುವುದು ಮೀನು. ‘ನಂಜು’, ‘ಉಷ್ಣ’, ‘ಎಣ್ಣೆ ಮೀನು, ಕೊಬ್ಬು ಹೆಚ್ಚು’ ಎಂಬ ಮಾತುಗಳು ಬರುತ್ತವೆ. ಅದರ ಜಾಗಕ್ಕೆ ಗಂಜಿ, ಉಪ್ಪಿನಕಾಯಿ ಮತ್ತು ಹಪ್ಪಳ ಬರುತ್ತವೆ. ಹೃದಯ ತಜ್ಞರು ಕಡಿಮೆ ಮಾಡಿ ಎನ್ನುವ ಉಪ್ಪು ಮತ್ತು ಕರಿದ ಪದಾರ್ಥ ತಟ್ಟೆಯಲ್ಲಿ ಉಳಿಯುತ್ತದೆ. ವಾರಕ್ಕೆರಡು ಬಾರಿ ತಿನ್ನಿ ಎನ್ನುವ ಮೀನು ಹೊರಗೆ ಹೋಗುತ್ತದೆ.

ಇನ್ನೊಂದೆಡೆ ಪಟ್ಟಣದ ಹೋಟೆಲುಗಳಲ್ಲಿ, ವಿದೇಶಿ ಅಡುಗೆ ಪುಸ್ತಕಗಳಲ್ಲಿ ‘ಗ್ಲೇಜ್ಡ್ ಫಿಶ್’ ಎಂಬ ತಿನಿಸು ಹೃದಯಸ್ನೇಹಿ ಊಟವೆಂದು ಹೆಸರು ಮಾಡಿದೆ. ಮೀನಿಗೆ ಹುಳಿ, ಸಿಹಿ ಮತ್ತು ಖಾರ ಸೇರಿದ ತೆಳು ಲೇಪ ಹಚ್ಚಿ, ಅದು ಮಿರುಗುವಂತೆ ಬೇಯಿಸುವ ಕ್ರಮವಿದು. ಜಪಾನಿನ ‘ತೆರಿಯಾಕಿ’ಯೂ ಇದೇ ಜಾತಿಯದು. ಅಲ್ಲಿ ‘ತೆರಿ’ ಎಂದರೆ ಹೊಳಪು, ‘ಯಾಕಿ’ ಎಂದರೆ ಸುಡುವುದು. ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಹುಳಿ ಎಂಬ ಅರ್ಥದ ‘ಪುಳಿ’, ಮೆಣಸು ಎಂಬ ಅರ್ಥದ ‘ಮುಂಚಿ’ ಸೇರಿ ತುಳುನಾಡಿನಲ್ಲಿ ಹುಟ್ಟಿದ ಪುಳಿಮುಂಚಿ ಈ ಹೊಳೆಯುವ ಮೀನಿನ ಹತ್ತಿರದ ನೆಂಟ.

ಗೊಬ್ಬರವಾಗಿದ್ದ ಮೀನು

ಬಂಗುಡೆ ಮತ್ತು ಬೂತಾಯಿ ಪಶ್ಚಿಮ ಕರಾವಳಿಯ ಬಡವರ ಮೀನುಗಳು. ಅಂಜಲ್, ಮಾಂಜಿಗಳ ಎದುರು ಇವುಗಳಿಗೆ ಅತಿಥಿ ಸತ್ಕಾರದಲ್ಲಿ ಮರ್ಯಾದೆ ಕಡಿಮೆಯೇ. ಬೂತಾಯಿಯ ಸ್ಥಿತಿಯಂತೂ ಇನ್ನೂ ಕೆಳಗಿತ್ತು. ಬಲೆ ತುಂಬಿ ತಿಂದು ಮುಗಿಯದಷ್ಟು ಸಿಕ್ಕಾಗ ಅದನ್ನು ಒಣಗಿಸಿ ತೆಂಗಿನ ಬುಡಕ್ಕೆ, ಕಾಫಿ ತೋಟಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 20ನೆಯ ಶತಮಾನದ ಆರಂಭದಲ್ಲಿ, ಫ್ರೆಡರಿಕ್ ನಿಕಲ್ಸನ್ ಕಟ್ಟಿದ ಮೀನುಗಾರಿಕೆ ಇಲಾಖೆ ಪಶ್ಚಿಮ ಕರಾವಳಿಯಲ್ಲಿ ಬೂತಾಯಿಯನ್ನು ಬೇಯಿಸಿ, ಹಿಂಡಿ, ಎಣ್ಣೆ ಮತ್ತು ಗೊಬ್ಬರ ತೆಗೆಯುವ ಉದ್ಯಮಕ್ಕೆ ಉತ್ತೇಜನ ನೀಡಿತು. ಆ ಎಣ್ಣೆ ದೋಣಿಯ ಮರಕ್ಕೆ ಬಳಿಯಲು ಬಳಕೆಯಾಗುತ್ತಿತ್ತು.

ದೋಣಿಗೆ ಬಳಿಯುತ್ತಿದ್ದ ಅದೇ ಎಣ್ಣೆಯ ಕಡೆಗೆ ವಿಜ್ಞಾನಿಗಳ ಗಮನ ಹರಿದದ್ದು 1970ರ ದಶಕದಲ್ಲಿ. ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಸಂಶೋಧಕರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತವನ್ನು ಪರೀಕ್ಷಿಸಿದರು. ಮೀನು, ಸೀಲ್‌ಗಳ ಕೊಬ್ಬನ್ನೇ ಹೆಚ್ಚಾಗಿ ತಿನ್ನುವ ಆ ಜನರ ರಕ್ತದಲ್ಲಿ ಒಮೆಗಾ-3 ಎಂಬ ಕೊಬ್ಬಿನಾಮ್ಲಗಳು ಹೇರಳವಾಗಿದ್ದವು. ಇನ್ಯೂಟರಲ್ಲಿ ಹೃದ್ರೋಗ ನಿಜಕ್ಕೂ ಅಷ್ಟು ವಿರಳವಾಗಿತ್ತೇ ಎಂಬ ಪ್ರಶ್ನೆ ಮುಂದೆ ಎದ್ದಿತಾದರೂ, ಮೀನಿನ ಎಣ್ಣೆ ಮತ್ತು ಹೃದಯದ ನಂಟಿನ ಶೋಧಕ್ಕೆ ಅಲ್ಲಿಂದಲೇ ದಾರಿ ತೆರೆಯಿತು.

ಒಮೆಗಾ-3 ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶವನ್ನು ತಗ್ಗಿಸುತ್ತದೆ. ನಮ್ಮ ದೇಹ ಇದನ್ನು ಸಾಕಷ್ಟು ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಬಂಗುಡೆ, ಬೂತಾಯಿಗಳ ಮೈಯಲ್ಲಿ ಇದು ಧಾರಾಳವಾಗಿದೆ. ಮಳೆಗಾಲ ಕಳೆದ ಮೇಲೆ ಬೂತಾಯಿಗೆ ಕೊಬ್ಬೇರುತ್ತದೆ. ಸುಟ್ಟರೆ ಎಣ್ಣೆ ತೊಟ್ಟಿಕ್ಕುವುದು ಇದೇ ಕಾರಣಕ್ಕೆ. ‘ಕೊಬ್ಬಿನ ಮೀನು’ ಎಂಬ ದೂರು ಹೀಗೆ ತಲೆಕೆಳಗಾಗುತ್ತದೆ. ಆ ಕೊಬ್ಬೇ ಅದರ ಗುಣ.

ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ

ಹಾಗೆಂದು ಮೀನು ಸಂಜೀವಿನಿಯಲ್ಲ. 1989ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಒಮ್ಮೆ ಹೃದಯಾಘಾತವಾಗಿ ಬದುಕುಳಿದ 2,033 ಪುರುಷರನ್ನು ಎರಡು ವರ್ಷ ಗಮನಿಸಲಾಯಿತು. ವಾರಕ್ಕೆರಡು ಬಾರಿ ಎಣ್ಣೆಯಂಶದ ಮೀನು ತಿನ್ನಲು ಸಲಹೆ ಪಡೆದವರಲ್ಲಿ ಸಾವಿನ ಪ್ರಮಾಣ ಶೇ 29ರಷ್ಟು ಕಡಿಮೆ ಇತ್ತು. ಆದರೆ 2003ರಲ್ಲಿ ಹೊರಬಂದ ಅದರ ಮುಂದಿನ ಅಧ್ಯಯನದಲ್ಲಿ, ಎದೆನೋವಿನ ರೋಗಿಗಳಲ್ಲಿ ಅಂಥ ಲಾಭ ಕಾಣಲಿಲ್ಲ. 2021ರಲ್ಲಿ ಪ್ರಕಟವಾದ, 58 ದೇಶಗಳ ಸುಮಾರು 1.9 ಲಕ್ಷ ಮಂದಿಯ ಮಾಹಿತಿಯನ್ನು ಪರಿಶೀಲಿಸಿದ ವರದಿ ಈ ಗೊಂದಲಕ್ಕೆ ತಕ್ಕಮಟ್ಟಿಗೆ ಉತ್ತರ ನೀಡಿತು. ಈಗಾಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಇದ್ದವರು ವಾರಕ್ಕೆ ಕನಿಷ್ಠ 175 ಗ್ರಾಂ ಮೀನು ತಿಂದಾಗ ಅಪಾಯ ಕಡಿಮೆ ಕಂಡಿತು; ಆರೋಗ್ಯವಂತರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಯಾರ ತಟ್ಟೆಯಿಂದ ಮೀನನ್ನು ಮೊದಲು ತೆಗೆಯುತ್ತೇವೆಯೋ, ಅದರ ಪ್ರಯೋಜನ ಹೆಚ್ಚಾಗಿ ಕಂಡುಬಂದಿರುವುದು ಅವರಲ್ಲೇ.

ಅಮೆರಿಕದ ಹೃದ್ರೋಗ ಸಂಘದ ಸಲಹೆ ವಾರಕ್ಕೆ ಎರಡು ಪಾಲು ಮೀನು. ಒಂದು ಪಾಲೆಂದರೆ ಬೇಯಿಸಿದ ಮೀನು ಸುಮಾರು 85 ಗ್ರಾಂ. ಮಧ್ಯಮ ಗಾತ್ರದ ಒಂದು ಬಂಗುಡೆ, ಮುಳ್ಳು ತೆಗೆದರೆ, ಹೆಚ್ಚುಕಡಿಮೆ ಇಷ್ಟಾಗುತ್ತದೆ. ಸಣ್ಣ ಮೀನುಗಳಾದ್ದರಿಂದ ಇವುಗಳಲ್ಲಿ ಪಾದರಸ ಸೇರುವ ಭಯವೂ ಕಡಿಮೆ.

ಹೇಗೆ ಬೇಯಿಸುತ್ತೇವೆ ಎಂಬುದು ಇನ್ನೊಂದು ಮುಖ್ಯ ಸಂಗತಿ. ಅಮೆರಿಕದಲ್ಲಿ 65 ವರ್ಷ ದಾಟಿದ 3,910 ಮಂದಿಯನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಟ್ಟ ಅಥವಾ ಬೇಯಿಸಿದ ಮೀನು ತಿನ್ನುವವರಲ್ಲಿ ಹೃದ್ರೋಗದ ಸಾವು ಕಡಿಮೆ ಇತ್ತು. ಕರಿದ ಮೀನು ತಿನ್ನುವವರಲ್ಲಿ ಆ ಲಾಭ ಕಾಣಲಿಲ್ಲ. ರವೆ ಹೊರಳಿಸಿ, ನಿನ್ನೆ ಕರಿದ ಎಣ್ಣೆಯಲ್ಲೇ ಮತ್ತೆ ಕರಿಯುವ ಮೀನು ನಾಲಿಗೆಗೆ ಗರಿಗರಿಯೆನಿಸಬಹುದು. ಹೃದಯಕ್ಕೆ ಅದರಿಂದ ಉಪಕಾರವಿಲ್ಲ.

ಹೊಳಪಿನ ಗುಟ್ಟು

ಪುಳಿಮುಂಚಿಯ ಹೊಳಪು ಎಣ್ಣೆ ಸುರಿದು ಬರಿಸಿದ್ದಲ್ಲ. ಹುಣಸೆಯ ತಿರುಳಿನಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥವಿದೆ. ಮಸಾಲೆ ಕುದಿದು ನೀರು ಆವಿಯಾದಂತೆ ಅದು ಗಟ್ಟಿಯಾಗುತ್ತದೆ. ಚೂರು ಬೆಲ್ಲ ಪಾಕವಾಗಿ ಅದರೊಡನೆ ಸೇರುತ್ತದೆ. ಬಿಸಿಗೆ ಮೀನಿನ ಚರ್ಮದಿಂದ ಅಂಟಂಶವೂ, ಮೈಯಿಂದ ಸ್ವಲ್ಪ ಎಣ್ಣೆಯೂ ಹೊರಬರುತ್ತವೆ. ಇವೆಲ್ಲ ಕೂಡಿ ಮೀನಿನ ಮೇಲೆ ನಯವಾದ ಪದರ ಮೂಡುತ್ತದೆ. ಬೆಳಕು ಅದರ ಮೇಲೆ ಬಿದ್ದು ಮಿರುಗುತ್ತದೆ.

ಹುಳಿಗೆ ಇನ್ನೊಂದು ಕೆಲಸವಿದೆ. ಮೀನಿನ ವಾಸನೆಗೆ ಕಾರಣವಾದ ಅಮೈನ್‌ಗಳು ಕ್ಷಾರ ಗುಣದವು. ಹುಳಿ ಅವುಗಳನ್ನು ಹಿಡಿದಿಟ್ಟು ಗಾಳಿಗೆ ಹಾರದಂತೆ ಮಾಡುತ್ತದೆ. ಮಾಂಸವನ್ನು ತುಸು ಬಿಗಿಗೊಳಿಸಿ ಮೀನು ಒಡೆಯದಂತೆಯೂ ನೋಡಿಕೊಳ್ಳುತ್ತದೆ. ಈ ಸೀಮೆಯಲ್ಲಿ ಹುಳಿಗೆ ಹುಣಸೆಯೊಂದೇ ಗತಿಯಲ್ಲ. ಬಿಂಬುಳಿ, ಅಮಟೆಕಾಯಿ, ಪುನರ್ಪುಳಿಗಳಿವೆ. ಸುಳ್ಯಕ್ಕೆ ತಾಗಿದ ಕೊಡಗಿನಲ್ಲಿ ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿದ ಕಾಚಂಪುಳಿಯಿದೆ. ಹುಳಿ ಮತ್ತು ಖಾರ ಚೆನ್ನಾಗಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ತೆರಿಯಾಕಿಗೆ ಬಳಸುವ ಸೋಯಾ ಸಾಸ್‌ನಲ್ಲಿ ಉಪ್ಪು ಬಹಳ. ಈ ಲೆಕ್ಕದಲ್ಲಿ ನಮ್ಮ ಪುಳಿಮುಂಚಿಯೇ ಮೇಲು.

ಮಾಡುವ ಕ್ರಮ

ನಾಲ್ವರಿಗೆ ನಾಲ್ಕು ಮಧ್ಯಮ ಬಂಗುಡೆ ಸಾಕು. ತೊಳೆದು, ಎರಡೂ ಬದಿಗೆ ಗೀರು ಹಾಕಿ, ಅರಿಶಿನ ಸವರಿಡಬೇಕು. ಒಂದು ಚಹಾ ಚಮಚ ಎಣ್ಣೆಯಲ್ಲಿ 10 ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಎಂಟು ಕಾಳು ಕರಿಮೆಣಸು, ಕಾಲು ಚಮಚ ಮೆಂತ್ಯವನ್ನು ಹದವಾದ ಬೆಂಕಿಯಲ್ಲಿ ಹುರಿಯಬೇಕು. ಆರು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಅರೆಯಬೇಕು. ತೆಂಗಿನಕಾಯಿ ಬೇಡ. ಅದರ ಕೊಬ್ಬು ಬಹುಪಾಲು ಸ್ಯಾಚುರೇಟೆಡ್ ಜಾತಿಯದು. ಪುಳಿಮುಂಚಿಯ ರುಚಿಗೆ ಅದರ ಅಗತ್ಯವೂ ಇಲ್ಲ.

ಅರೆದ ಮಸಾಲೆಯನ್ನು ಮಣ್ಣಿನ ಬಿಸಲೆಗೆ ಅಥವಾ ಅಗಲ ಬಾಯಿಯ ಪಾತ್ರೆಗೆ ಹಾಕಿ, ಒಂದು ಲೋಟ ನೀರು, ಅರ್ಧ ಚಮಚ ಉಪ್ಪು, ಜಜ್ಜಿದ ಶುಂಠಿ ಸೇರಿಸಿ ಕುದಿಸಬೇಕು. ಹಸಿ ವಾಸನೆ ಹೋಗಿ ಮಸಾಲೆ ಮಂದವಾದಾಗ ಒಂದು ಚಮಚ ಬೆಲ್ಲ ಹಾಕಿ ಮೀನನ್ನು ಒಂದೊಂದಾಗಿ ಇಳಿಸಬೇಕು. ಬೆಲ್ಲವನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಿ ಐದು ನಿಮಿಷ ಬೇಯಿಸಿ, ಮೀನನ್ನು ಮೆಲ್ಲನೆ ಮಗುಚಿ, ಮುಚ್ಚಳ ತೆಗೆದು ಇನ್ನೈದು ನಿಮಿಷ ಬಿಡಬೇಕು. ಈ ಹೊತ್ತಿನಲ್ಲಿ ಸೌಟು ಆಡಿಸಬಾರದು. ಬಟ್ಟೆ ಹಿಡಿದು ಪಾತ್ರೆಯನ್ನೇ ತಿರುಗಿಸಬೇಕು. ಮಸಾಲೆ ಮೀನಿಗೆ ಅಂಟಿ ಹೊಳೆಯತೊಡಗಿದಾಗ ಕರಿಬೇವು ಹರಡಿ ಇಳಿಸಿದರೆ ಮುಗಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನವೊಂದಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಇಲ್ಲಿ ಹಾಕುವ ಅರ್ಧ ಚಮಚ ನಾಲ್ವರಿಗೆ ಹಂಚಿದರೆ ತಲಾ ಒಂದು ಗ್ರಾಂ ಕೂಡ ಆಗದು. ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟರೆ ಈ ಲೆಕ್ಕವೆಲ್ಲ ವ್ಯರ್ಥ. ಅದರ ಬದಲು ಹರಿವೆ ಅಥವಾ ತೊಂಡೆಕಾಯಿಯ ಪಲ್ಯ ಇರಲಿ. ಕುಚ್ಚಲಕ್ಕಿ ಅನ್ನವೂ ಇರಲಿ, ಆದರೆ ಮೀನು ರುಚಿಯಾಗಿದೆಯೆಂದು ಎರಡು ಪಾಲು ಉಣ್ಣುವಂತಾಗಬಾರದು.

ಕಡಲಿನಿಂದ ದೂರದ ಊರಿನ ಎಚ್ಚರ

ಘಟ್ಟದ ತಪ್ಪಲಿನ ಊರುಗಳಿಗೆ ಮೀನು ತಲುಪುವಷ್ಟರಲ್ಲಿ ಹೊತ್ತು ಏರಿರುತ್ತದೆ. ಬಂಗುಡೆಯಂಥ ಮೀನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಕುಳಿತರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಮುಖ ಕೆಂಪಾಗುವುದು, ಮೈ ತುರಿಸುವುದು, ತಲೆನೋವು ಅದರ ಲಕ್ಷಣಗಳು. ಎಷ್ಟು ಬೇಯಿಸಿದರೂ ಅದು ನಾಶವಾಗದು. ‘ಬಂಗುಡೆ ನಂಜು’ ಎಂಬ ಹಿರಿಯರ ಮಾತಿಗೆ ಇದೂ ಒಂದು ಕಾರಣವಿರಬಹುದು. ಕಣ್ಣು ಹೊಳೆಯುತ್ತಿದೆಯೇ, ಕಿವಿರು ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮೇಲೇಳುತ್ತದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮೊದಲು ಗಾಡಿಯಲ್ಲಿ ಮಂಜುಗಡ್ಡೆ ಇದೆಯೇ ಎಂದು ನೋಡಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಒಣಮೀನಿನ ಸರದಿ. ರಕ್ತದೊತ್ತಡ ಇರುವವರಿಗೆ ಅದರ ಉಪ್ಪು ಒಳ್ಳೆಯದಲ್ಲ. ಆ ಎರಡು ತಿಂಗಳು ಬೇಳೆ, ಕಾಳು, ಸೊಪ್ಪು ಸಾಕು. ಮೂತ್ರಪಿಂಡದ ತೊಂದರೆ ಇರುವವರು ಮೀನಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಮಾತ್ರೆ ಬಿಟ್ಟು ಮೀನು ತಿಂದರಾಯಿತು ಎಂದು ಯಾರೂ ತಿಳಿಯಬಾರದು.

ಕಾಯಿಲೆ ಬಿದ್ದವರಿಗೆ ಪಥ್ಯ ಎಷ್ಟು ಮುಖ್ಯವೋ, ಮನೆಮಂದಿಯೊಂದಿಗೆ ಅದೇ ಊಟ ಉಣ್ಣುವುದೂ ಅಷ್ಟೇ ಮುಖ್ಯ. ಎಲ್ಲರೂ ಮೀನು ಸವಿಯುವಾಗ ಒಬ್ಬರು ಮೂಲೆಯಲ್ಲಿ ಗಂಜಿ ಕುಡಿಯುವ ಮನೆಯಲ್ಲಿ ಪಥ್ಯ ಬಹುದಿನ ನಿಲ್ಲುವುದಿಲ್ಲ. ರೋಗಿಗೆಂದು ಬೇರೆ ಅಡುಗೆ ಮಾಡುವ ಬದಲು ಎಲ್ಲರಿಗೂ ಒಂದೇ ಬಿಸಲೆಯಲ್ಲಿ ಪುಳಿಮುಂಚಿ ಬೆಂದರೆ ಅಡುಗೆಯವರ ಕೆಲಸವೂ ಅರ್ಧವಾಗುತ್ತದೆ. ಮುಂದಿನ ಬಾರಿ ಗಾಡಿಯ ಹಾರ್ನ್ ಕೇಳಿದಾಗ ಬಂಗುಡೆಯ ಲೆಕ್ಕದಲ್ಲಿ ಅವರ ಪಾಲಿನದೂ ಒಂದು ಇರಲಿ.