ರಾತ್ರಿ ತೆಗೆದ ಎಲೆಯ ಚಿತ್ರ ನಿಜ ಹೇಳಬೇಕಾದರೆ

ಮರವಂತೆಯ ಮಳೆಗಾಲ ನಿಮಗೆ ಹೊಸತಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಜುಲೈ ತಿಂಗಳಲ್ಲಿ ಮೋಡ ಕವಿಯಿತೆಂದರೆ ಮಧ್ಯಾಹ್ನ ಮೂರು ಗಂಟೆಗೇ ಮುಸ್ಸಂಜೆಯಾದಂತೆ. ಹಗಲೆಲ್ಲ ಗದ್ದೆ ತೋಟಗಳಲ್ಲಿ ದುಡಿದು, ರೋಗ ತಗುಲಿದ ಎಲೆಯೊಂದನ್ನು ಕೊಯ್ದು ತಂದು, ರಾತ್ರಿ ಊಟಕ್ಕೆ ಮುಂಚೆ ಜಗಲಿಯ ದೀಪದಡಿ ಮೊಬೈಲಿನಲ್ಲಿ ಚಿತ್ರ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೋ, ಪರಿಚಯದ ಅಧಿಕಾರಿಗೋ ಕಳುಹಿಸುವುದು ಈಗ ರೂಢಿಯಾಗಿದೆ. ಒಳ್ಳೆಯ ರೂಢಿಯೇ. ಆದರೆ ಚಿತ್ರದಲ್ಲಿ ಕಾಣುವ ಬಣ್ಣ ಎಲೆಯದೋ ದೀಪದ್ದೋ ಎಂದು ನಾವು ಕೇಳಿಕೊಳ್ಳುವುದು ಕಡಿಮೆ.

ಒಂದು ಮಳೆಗಾಲದಲ್ಲಿ ನನಗೂ ಇಂತಹ ಚಿತ್ರವೊಂದು ಬಂದಿತ್ತು. "ಈ ಸೋಗೆಗೆ ಎಂತ ಆಯ್ತ್ ಕಾಣಿ" ಎಂದು ಬರೆದಿದ್ದರು. ಚಿತ್ರದಲ್ಲಿ ಗರಿಗಳೆಲ್ಲ ಹಳದಿ. ಅಡಿಕೆಯ ಹಳದಿ ಎಲೆ ರೋಗವಿರಬಹುದೆಂದು ನಾನು ಅವಸರದಲ್ಲಿ ಉತ್ತರಿಸಿದೆ. ಅದಕ್ಕೆ ಔಷಧಿಯಿಲ್ಲವೆಂಬುದು ನಿಮಗೆ ತಿಳಿದಿದೆ. ಆ ಮನೆಯವರು ಆ ರಾತ್ರಿ ನಿದ್ದೆ ಮಾಡಿರಲಾರರು. ಮೂರನೆಯ ದಿನ ತೋಟಕ್ಕೆ ಹೋಗಿ ಸೋಗೆಯನ್ನು ಬಯಲಿನ ಬೆಳಕಿಗೆ ಹಿಡಿದು ನೋಡಿದರೆ ಅದು ಹಸಿರಾಗಿಯೇ ಇತ್ತು. ಗರಿಗಳ ಮೇಲೆ ಕಂದು ಚುಕ್ಕಿಗಳು, ಪ್ರತಿ ಚುಕ್ಕಿಯ ಸುತ್ತ ತೆಳುವಾದ ಹಳದಿ ಬಳೆ. ಅದು ಶಿಲೀಂಧ್ರದಿಂದ ಬರುವ ಎಲೆ ಚುಕ್ಕಿ ರೋಗ. ಕಾಲಕ್ಕೆ ಸರಿಯಾಗಿ ಸಿಂಪಡಿಸಿದರೆ ಹತೋಟಿಗೆ ಬರುವಂಥದು. ಜಗಲಿಯ ಅಗ್ಗದ ಹಳದಿ ಬಲ್ಬು ಹಸಿರನ್ನೂ ಹಳದಿ ಬಳೆಯನ್ನೂ ಒಂದೇ ಮಾಡಿಬಿಟ್ಟಿತ್ತು. ತಪ್ಪು ನನ್ನದು. ಚಿತ್ರ ಯಾವ ಬೆಳಕಿನಲ್ಲಿ ತೆಗೆದದ್ದೆಂದು ಮೊದಲು ಕೇಳಬೇಕಿತ್ತು.

ಬಿಸಿಲಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ತುಂಬಿವೆ. ಎಲೆ ತನಗೆ ಬೇಡದ ಬಣ್ಣವನ್ನು ಹಿಂದಕ್ಕೆ ಎಸೆಯುತ್ತದೆ, ಅದು ನಮ್ಮ ಕಣ್ಣಿಗೆ ಬೀಳುತ್ತದೆ. ದೀಪದಲ್ಲಿಯೇ ಆ ಬಣ್ಣವಿಲ್ಲದಿದ್ದರೆ ಎಲೆ ಎಸೆಯುವುದಾದರೂ ಏನನ್ನು? ಮನೆಯ ಎಲ್.ಇ.ಡಿ. ಬಲ್ಬಿನೊಳಗೆ ಇರುವುದು ನೀಲಿ ದೀಪ. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ. ಎರಡೂ ಕೂಡಿ ಬಿಳಿಯಂತೆ ಕಾಣುತ್ತವೆ. ಆದರೆ ಗಾಢ ಕೆಂಪು ಅದರಲ್ಲಿ ಬಹಳ ಕಡಿಮೆ.

ದೀಪವೊಂದು ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ. ಪೆಟ್ಟಿಗೆಯ ಮೇಲೆ ಸಿ.ಆರ್.ಐ. ಎಂದು ಅಚ್ಚಾಗಿರುವುದು ಅದೇ. ಅಂತರರಾಷ್ಟ್ರೀಯ ಬೆಳಕಿನ ಆಯೋಗವು 1965ರಲ್ಲಿ ಇದನ್ನು ರೂಪಿಸಿ 1974ರಲ್ಲಿ ಪರಿಷ್ಕರಿಸಿತು. ಇದರ ಪೂರ್ಣ ಅಂಕ 100. ಮನೆಯ ಬಲ್ಬುಗಳು ಸಾಮಾನ್ಯವಾಗಿ 80ರ ಆಸುಪಾಸಿನವು. ಇಲ್ಲೊಂದು ಮೋಸವಿದೆ: ಈ ಅಂಕ ಎಂಟು ತೆಳು ಬಣ್ಣಗಳ ಸರಾಸರಿ ಮಾತ್ರ, ಗಾಢ ಕೆಂಪು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಬೇರೆಯಾಗಿ ಆರ್-9 ಎಂದು ಕೊಡುತ್ತಾರೆ. 80 ಅಂಕದ ಎಷ್ಟೋ ಬಲ್ಬುಗಳಲ್ಲಿ ಈ ಆರ್-9 ಸೊನ್ನೆಯ ಹತ್ತಿರವಿರುತ್ತದೆ!

ಕೃಷಿಕನಿಗೆ ಕೆಂಪು ಏಕೆ ಬೇಕು? ನಿಮ್ಮ ತೆಂಗನ್ನೇ ನೋಡಿ. ಕಾಂಡ ಸೋರುವ ರೋಗದಲ್ಲಿ ಬಿರುಕುಗಳಿಂದ ಕೆಂಪು ಮಿಶ್ರಿತ ಕಂದು ರಸ ಒಸರುತ್ತದೆ. ಕೆಂಪು ಮೂತಿ ಹುಳು ಕೊರೆದ ತೂತಿನಿಂದಲೂ ಕಂದು ರಸ ಇಳಿಯುತ್ತದೆ. ಕೆಂಪಿಲ್ಲದ ದೀಪದಲ್ಲಿ ಚಿತ್ರ ತೆಗೆದರೆ ಈ ರಸವೆಲ್ಲ ಮಳೆನೀರು ಇಳಿದ ಕಪ್ಪು ಕಲೆಯಂತೆ ಕಂಡು, ನೋಡಿದವರು ಏನೂ ಇಲ್ಲವೆಂದು ಬಿಡಬಹುದು. ಮರ ಹೋದ ಮೇಲೆ ತಿಳಿದು ಪ್ರಯೋಜನವೇನು?

ಮೊಬೈಲೇ ಬಣ್ಣವನ್ನು ಸರಿಪಡಿಸಿಕೊಳ್ಳುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೆಳಕು ಒಟ್ಟಾರೆ ಹಳದಿಯಾಗಿದ್ದರೆ ಅಥವಾ ನೀಲಿಯಾಗಿದ್ದರೆ ಅದನ್ನು ಮೊಬೈಲು ಸ್ವಲ್ಪಮಟ್ಟಿಗೆ ತಿದ್ದೀತು. ಆದರೆ ದೀಪದಲ್ಲಿ ಇಲ್ಲದ ಬಣ್ಣವನ್ನು ಅದು ಹುಟ್ಟಿಸಲಾರದು. ಹಿಂದೆ ಮದುವೆ ಮನೆಗಳಲ್ಲಿ ವಿಡಿಯೋದವರು ಹಿಡಿಯುತ್ತಿದ್ದ ಹ್ಯಾಲೊಜೆನ್ ದೀಪ ಹಳದಿಯಾಗಿದ್ದರೂ ಅದರಲ್ಲಿ ಎಲ್ಲ ಬಣ್ಣಗಳೂ ಇದ್ದವು, ಸಿ.ಆರ್.ಐ. ಹೆಚ್ಚುಕಡಿಮೆ 100. ಮದುಮಗಳ ಕೆಂಪು ಸೀರೆ ಕೆಂಪಾಗಿಯೇ ಬರುತ್ತಿತ್ತು. ಅದರ ದೋಷವೆಂದರೆ ಕಾವು ಮತ್ತು ಕರೆಂಟಿನ ಖರ್ಚು. ತೋಟಕ್ಕೆ ಹೊತ್ತೊಯ್ಯುವ ಮಾತೇ ಇಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಬ್ಯಾಟರಿಯಿಂದ ಉರಿಯುವ ಫ್ಲಡ್‌ಲೈಟುಗಳು ಈಗ ಹಲವು ಬಗೆಯಲ್ಲಿ ಸಿಗುತ್ತವೆ. ಅಂಗಳ ಬೆಳಗುವುದಕ್ಕೆಂದೇ ಮಾಡಿದವು ಕಣ್ಣು ಕುಕ್ಕುವಷ್ಟು ಪ್ರಖರ, ಆದರೆ ಬಣ್ಣದ ವಿಷಯದಲ್ಲಿ ಬಡವು. ನಮಗೆ ಬೇಕಾದವು ಎರಡು ಬಗೆ: ವಿಡಿಯೋ ತೆಗೆಯುವವರು ಬಳಸುವ ಚಪ್ಪಟೆ ದೀಪ, ಮತ್ತು ಕಾರಿನ ಪೇಂಟು ಹೊಂದಿಸುವ ಕೆಲಸಕ್ಕೆಂದು ಮಾಡಿದ ದೀಪ. ಸಿ.ಆರ್.ಐ. 95 ಅಥವಾ ಹೆಚ್ಚು, ಆರ್-9 90ರ ಹತ್ತಿರ ಇರಲಿ. ಆರ್-9 ಬರೆದೇ ಇಲ್ಲದಿದ್ದರೆ ಸಂಶಯಪಡಿ. ಬೆಳಕಿನ ಬಣ್ಣ 5000ರಿಂದ 5600 ಕೆಲ್ವಿನ್ ಇದ್ದರೆ ಹಗಲಿನ ಬಿಸಿಲಿಗೆ ಸಮೀಪ. ಎಲೆ, ಕಾಯಿಗಳ ಚಿತ್ರಕ್ಕೆ 500ರಿಂದ 1000 ಲ್ಯೂಮೆನ್ ಧಾರಾಳವಾಗಿ ಸಾಕು. ಹೆಚ್ಚು ಪ್ರಖರತೆಗೆ ಹಣ ಸುರಿಯಬೇಡಿ.

ಪೆಟ್ಟಿಗೆಯ ಬರಹವನ್ನೇ ನಂಬಿ ಕೊಳ್ಳುವುದು ಬೇಡ. ಹೋಗುವಾಗ ಜೇಬಿನಲ್ಲಿ ಒಂದು ಒಣಮೆಣಸು, ಒಂದು ಹಣ್ಣಡಿಕೆ, ಒಂದು ವೀಳ್ಯದೆಲೆ ಇಟ್ಟುಕೊಳ್ಳಿರಿ. (ಎಲೆ ಅಡಿಕೆ ಹೇಗೂ ಹಲವರ ಜೇಬಿನಲ್ಲಿರುತ್ತದೆ.) ಅವುಗಳನ್ನು ಅಂಗಡಿಯ ಒಳಗೆ ಆ ದೀಪದಡಿ ಹಿಡಿದು ನೋಡಿ, ಕೂಡಲೇ ಬಾಗಿಲಿಗೆ ಬಂದು ಹಗಲಿನ ಬೆಳಕಿನಲ್ಲಿ ನೋಡಿ. ಮೆಣಸು ಕಂದಾಗಿ ಮಂಕಾಯಿತೇ, ಅಂಗೈಯ ಕೆಂಪು ಬಿಳಿಚಿಕೊಂಡಿತೇ? ಹಾಗಿದ್ದರೆ ಆ ದೀಪವನ್ನು ಬಿಟ್ಟುಬಿಡಿ. ಬಳಿಕ ದೀಪದ ಬೆಳಕನ್ನು ತಗ್ಗಿಸಿ ಮೊಬೈಲಿನ ಕ್ಯಾಮರಾದಿಂದ ನೋಡಿ. ಪರದೆಯ ಮೇಲೆ ಅಡ್ಡ ಪಟ್ಟೆಗಳು ಹರಿದಾಡಿದರೆ ದೀಪ ಮಿಣುಕುತ್ತಿದೆ ಎಂದರ್ಥ. ಚಿತ್ರದಲ್ಲಿಯೂ ಪಟ್ಟೆ ಬೀಳುತ್ತದೆ.

ಬ್ಯಾಟರಿಯ ಲೆಕ್ಕ ಸುಲಭ. 3.7 ವೋಲ್ಟಿನ, 4000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 14.8 ವ್ಯಾಟ್ ಗಂಟೆಯಷ್ಟು ಶಕ್ತಿಯಿದೆ. 10 ವ್ಯಾಟಿನ ದೀಪಕ್ಕೆ ಅದು ಹೆಚ್ಚೆಂದರೆ ಒಂದೂವರೆ ಗಂಟೆ. ಇಷ್ಟು ಬ್ಯಾಟರಿಗೆ ಐದು ಗಂಟೆ ಉರಿಯುತ್ತದೆ ಎಂದು ಬರೆದಿದ್ದರೆ ಅದು ಮಂದ ಬೆಳಕಿನ ಮಾತು. ನಮ್ಮ ಮಳೆಗೆ ಐ.ಪಿ. 65 ಗುರುತಿನ ದೀಪ ಒಳ್ಳೆಯದು: ಧೂಳು ಒಳಹೋಗದು, ನೀರು ಚಿಮ್ಮಿದರೂ ತಡೆಯುತ್ತದೆ.

ಒಂದೊಂದು ಮನೆಗೂ ಇಂತಹ ದೀಪ ಬೇಕೆಂದು ನಾನು ಹೇಳಲಾರೆ. ಸ್ವಸಹಾಯ ಸಂಘದಲ್ಲೋ ನೆರೆಯ ಐದಾರು ಮನೆಯವರು ಸೇರಿಯೋ ಒಂದನ್ನು ಕೊಂಡರೆ ಸಾಕು. ಹಗಲು ಸಿಗುವವರಿಗಂತೂ ಅದೂ ಬೇಡ. ಆದರೆ ಅಡಿಕೆ ತೋಟದೊಳಗೆ ನಿಂತು ತೆಗೆಯಬೇಡಿ. ಮೇಲಿನ ಸೋಗೆಗಳಿಂದ ಸೋಸಿ ಬಂದ ಬೆಳಕು ಹಸಿರು. ಅದೂ ಸುಳ್ಳು ಹೇಳುತ್ತದೆ. ಎಲೆಯನ್ನು ಬಯಲಿಗೆ ತಂದು, ನೇರ ಬಿಸಿಲು ಬೀಳದಲ್ಲಿ ಇಟ್ಟು ತೆಗೆಯಿರಿ.

ಭತ್ತಕ್ಕೆ ಸಾರಜನಕ ಬೇಕೇ ಎಂದು ನೋಡುವ ಎಲೆ ಬಣ್ಣದ ಪಟ್ಟಿಯನ್ನಂತೂ ಯಾವ ದೀಪದಲ್ಲಿಯೂ ಬಳಸಬಾರದು. ಬೆಳಿಗ್ಗೆ 8ರಿಂದ 10ರೊಳಗೆ, ಮೈಯ ನೆರಳು ಎಲೆಯ ಮೇಲೆ ಬೀಳುವಂತೆ ನಿಂತು, ರೋಗವಿಲ್ಲದ ಹತ್ತು ಗಿಡಗಳಲ್ಲಿ ಪೂರ್ತಿ ಬಿಚ್ಚಿದ ತುದಿಯ ಎಲೆಯನ್ನು ಕಣ್ಣಿನಿಂದಲೇ ಹೋಲಿಸಬೇಕು. ಅದರ ಫೋಟೋ ಕಳುಹಿಸಿ ಗೊಬ್ಬರದ ಲೆಕ್ಕ ಕೇಳಬೇಡಿ.

ಚಿತ್ರ ತೆಗೆಯುವಾಗ

ಮನೆಯ ಉಳಿದ ದೀಪಗಳನ್ನೆಲ್ಲ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಎಷ್ಟು ಬೆಲೆಯ ದೀಪವಿದ್ದರೂ ವ್ಯರ್ಥ. ಎಲೆಯ ನೀರೊರಸಿ, ಬಣ್ಣವಿಲ್ಲದ ಬಟ್ಟೆಯ ಮೇಲೆ ಇಟ್ಟು, ಪಕ್ಕದಲ್ಲಿ ಬಿಳಿ ಕಾಗದದ ತುಂಡೊಂದು ಚಿತ್ರದಲ್ಲಿ ಬರುವಂತೆ ಮಾಡಿ; ನೋಡುವವರಿಗೆ ಬೆಳಕಿನ ಅಂದಾಜು ಅದರಿಂದ ಸಿಗುತ್ತದೆ. ದೀಪವನ್ನು ನೇರ ಮೇಲಿನಿಂದ ಹಿಡಿದರೆ ಎಲೆ ಹೊಳೆದು ಚುಕ್ಕಿ ಮರೆಯಾಗುತ್ತದೆ, ಆದುದರಿಂದ ಓರೆಯಾಗಿ ಎರಡು ಅಡಿ ದೂರದಲ್ಲಿ ಹಿಡಿಯಿರಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಕು ಮೃದುವಾಗಲು ದೀಪದ ಮುಂದೆ ತೆಳು ಪಂಚೆ ಹಿಡಿಯಬಹುದು, ಆದರೆ ನೀಲಿ ಹಾಕಿ ಒಗೆದ ಪಂಚೆ ಬೇಡ. ಆ ನೀಲಿ ಚಿತ್ರಕ್ಕೂ ಬರುತ್ತದೆ. ಮೊಬೈಲಿನ ಫ್ಲ್ಯಾಶ್ ಆರಿಸಿರಲಿ. ಎಲೆಯ ಮೇಲ್ಭಾಗ, ಅಡಿಭಾಗ, ಇಡೀ ಮರ ಹೀಗೆ ಮೂರು ಚಿತ್ರ ಕಳುಹಿಸಿ, ಯಾವ ದೀಪದಲ್ಲಿ, ಎಷ್ಟು ಗಂಟೆಗೆ ತೆಗೆದಿರೆಂದು ಒಂದು ಸಾಲು ಬರೆಯಿರಿ.

ಕಡಲ ದಂಡೆಯ ಉಪ್ಪು ಗಾಳಿಗೆ ಚಾರ್ಜು ಮಾಡುವ ತೂತು ಬೇಗ ತುಕ್ಕು ಹಿಡಿಯುತ್ತದೆ. ಬಳಸಿದ ಮೇಲೆ ಒಣ ಬಟ್ಟೆಯಿಂದ ಒರಸಿ, ರಬ್ಬರಿನ ಮುಚ್ಚಳ ಹಾಕಿ, ಬಿಗಿ ಡಬ್ಬಿಯಲ್ಲಿಡಿ. ಮಳೆಗಾಲ ಮುಗಿದು ತೆಗೆದಿಡುವಾಗ ಬ್ಯಾಟರಿಯನ್ನು ಪೂರ್ತಿ ಇಳಿಸದೆ ಅರ್ಧದಷ್ಟು ಚಾರ್ಜಿನಲ್ಲಿ ಇಟ್ಟು, ಎರಡು ತಿಂಗಳಿಗೊಮ್ಮೆ ನೋಡಿಕೊಳ್ಳಿರಿ.