ವ್ಯಸನಮುಕ್ತಿಯ ಅನಂತರದ ಮರುಕಳಿಕೆ

ಮಾದಕ ವ್ಯಸನದಿಂದ ಬಿಡುಗಡೆ ಹೊಂದಿದವನು ಮತ್ತೆ ಅದಕ್ಕೆ ವಶನಾದರೆ ಅದನ್ನು ಸಂಕಲ್ಪದ ದೌರ್ಬಲ್ಯವೆಂದು ತೀರ್ಮಾನಿಸುವುದು ವಾಡಿಕೆ. ಈ ತೀರ್ಮಾನ ಸುಲಭವಾದುದು, ಆದರೆ ಸಾಲದು. ಚಿಕಿತ್ಸೆ ಮುಗಿದ ಮೇಲೆ ಅವನು ಎಲ್ಲಿಗೆ ಹಿಂದಿರುಗಿದನೆಂಬುದನ್ನೂ ಕೇಳಬೇಕಾಗುತ್ತದೆ.

ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ನಿನಲ್ಲಿ 1935ರಲ್ಲಿ ತೆರೆದ ಸರಕಾರಿ ಚಿಕಿತ್ಸಾಲಯದಲ್ಲಿ ಏಬ್ರಹಾಂ ವಿಕ್ಲರ್ ಎಂಬ ವೈದ್ಯರು ಒಂದು ಸಂಗತಿಯನ್ನು ಗಮನಿಸಿದರು. ಅಫೀಮಿನ ಜಾತಿಯ ಮದ್ದನ್ನು ಬಿಟ್ಟು ತಿಂಗಳುಗಳೇ ಕಳೆದಿದ್ದ ರೋಗಿಗಳು, ಒಟ್ಟಿಗೆ ಕುಳಿತು ಹಿಂದಿನ ಸೇವನೆಯ ಮಾತೆತ್ತಿದೊಡನೆ ಆಕಳಿಸತೊಡಗುವರು. ಕಣ್ಣು ಮೂಗುಗಳಲ್ಲಿ ನೀರೂರುವುದು. ಇವು ಮದ್ದು ತಪ್ಪಿದ ಮೊದಲ ದಿನಗಳ ಲಕ್ಷಣಗಳು! ಪಾವ್ಲೋವನ ನಾಯಿ ಆಹಾರವಿಲ್ಲದೆಯೇ ಆಹಾರದ ಸಂಕೇತಕ್ಕೆ ಜೊಲ್ಲು ಸುರಿಸಿದಂತೆ, ಇಲ್ಲಿ ಬರಿಯ ಮಾತೇ ಸಂಕೇತವಾಗಿತ್ತು. ಹಳೆಯ ಬೀದಿ, ಹಳೆಯ ಗೆಳೆಯ, ಸಂಬಳದ ದಿನದ ಸಂಜೆ, ಇವೂ ಅಂಥವೇ.

ವಿಯೆಟ್ನಾಮಿನಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಕುರಿತು ಲೀ ರಾಬಿನ್ಸ್ ಎಂಬ ಸಮಾಜಶಾಸ್ತ್ರಜ್ಞೆ ನಡೆಸಿದ ಅಧ್ಯಯನವು ಇದಕ್ಕೆ ಹೊಂದಿಕೊಳ್ಳುತ್ತದೆ. ಅವರಲ್ಲಿ ನೂರಕ್ಕೆ ಸುಮಾರು 20 ಮಂದಿ ಅಲ್ಲಿ ವ್ಯಸನಿಗಳಾಗಿದ್ದರು. ಆ ವ್ಯಸನಿಗಳ ಪೈಕಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಮಾತ್ರ. ಸಂಕೇತಗಳೆಲ್ಲ ಸಮುದ್ರದಾಚೆಯೇ ಉಳಿದುವು. ಆದರೆ ಇದೊಂದೇ ಕಾರಣವೆಂದು ಹೇಳಲಾಗದು: ತಾಯ್ನಾಡಿನಲ್ಲಿ ಹೆರಾಯಿನ್ ದುಬಾರಿಯಾಗಿತ್ತು, ಯುದ್ಧದ ಭೀತಿಯೂ ಇರಲಿಲ್ಲ. ಅದಲ್ಲದೆ, ಸಾಮಾನ್ಯ ರೋಗಿಯ ಪಾಡು ಇದಕ್ಕೆ ತದ್ವಿರುದ್ಧ. ಅವನು ದೂರದಲ್ಲಿ ಗುಣಹೊಂದಿ, ವ್ಯಸನ ಹುಟ್ಟಿದ ಬೀದಿಗೇ ಮರಳುತ್ತಾನೆ.

ಆದುದರಿಂದ ಅಪಾಯದ ಹೊತ್ತುಗಳನ್ನು ಮೊದಲೇ ಗುರುತಿಸಿ, ಆಗ ಮಾಡಬೇಕಾದುದನ್ನು ಅಭ್ಯಾಸಮಾಡಿಸುವ ಕ್ರಮವನ್ನು ಅಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ 1985ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಒಮ್ಮೆ ಎಡವುವುದೂ ಪೂರ್ಣವಾಗಿ ಮರಳಿ ಬೀಳುವುದೂ ಬೇರೆಬೇರೆ ಎಂಬುದು ಅವರ ಮುಖ್ಯ ವಾದ. ಎಡವಿದವನು "ಇನ್ನೇನು, ಎಲ್ಲವೂ ಕೆಟ್ಟಿತು" ಎಂದುಕೊಂಡಾಗಲೇ ಎರಡನೆಯದು ಸಮೀಪಿಸುತ್ತದೆ.

ಅಫೀಮಿನ ಜಾತಿಯ ಮದ್ದುಗಳಲ್ಲಿ ಆ ಒಂದು ಎಡವಿಕೆಯೇ ಪ್ರಾಣಾಂತಿಕವಾಗಬಹುದು. ಕೆಲವು ವಾರ ಬಿಟ್ಟೊಡನೆ ದೇಹದ ಸಹಿಷ್ಣುತೆ ಕುಗ್ಗುತ್ತದೆ. ಹಿಂದೆ ತಾಳಿಕೊಂಡಿದ್ದ ಪ್ರಮಾಣವೇ ಈಗ ಉಸಿರನ್ನು ನಿಲ್ಲಿಸಬಲ್ಲುದು. ನಾಲಾಕ್ಸೋನ್ ಎಂಬ ಔಷಧದಿಂದ ಉಸಿರನ್ನು ಮರಳಿಸಬಹುದು. ಆದರೆ ಅದನ್ನು ಕೊಡಲು ಪಕ್ಕದಲ್ಲಿ ಇನ್ನೊಬ್ಬರಿರಬೇಕು. ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಸೇವಿಸಿದವನ ಬಳಿ ಯಾರೂ ಇರುವುದಿಲ್ಲ.